ಅಕ್ಕನ ರಸ, ತಮ್ಮನ ರಕ್ತ

ನನ್ನ ಮಾವನವರಿಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಗುಳಿಗೆ ಶುರುವಾದಾಗ ಮನೆಯಲ್ಲಿ ಖುಷಿಪಟ್ಟವಳು ನಾನೊಬ್ಬಳೇ. ಕಾಯಿಲೆಗೆ ಖುಷಿಪಟ್ಟೆ ಎಂದು ತಿಳಿಯಬೇಡಿ. ಅವರ ಎಡಗಾಲಿನ ಮೀನಖಂಡದಲ್ಲಿ ರಕ್ತ ಗಡ್ಡೆ ಕಟ್ಟಿ, ಕಾಲು ಕುಂಬಳಕಾಯಿಯಾಗಿ, ಹಾಸಿಗೆ ಹಿಡಿದಾಗ ನಾನೂ ಎಲ್ಲರಂತೆ ಸಿದ್ಧೇಶ್ವರನಿಗೆ ಹರಕೆ ಹೊತ್ತವಳೇ. ಆದರೆ ಬಾವು ಇಳಿದು ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ ಮಾತುಗಳಿದ್ದವಲ್ಲ, ಅವು ನನ್ನ ಕಿವಿಗೆ ಮಂಗಳವಾದ್ಯದ ಹಾಗೆ ಕೇಳಿದವು.

"ಈ ಗುಳಿಗಿ ಭಾಳ ನಾಜೂಕ ಐತ್ರೀ ತಂಗಿ. ಜಾಸ್ತಿ ಕೆಲಸ ಮಾಡ್ತಂದ್ರ ಮೂಗನ್ಯಾಗ, ವಸಡಿನ್ಯಾಗ ರಕ್ತ ಬರತೈತಿ. ಕಡಿಮಿ ಮಾಡ್ತಂದ್ರ ಕಾಲಾಗ ಮತ್ತ ಗಡ್ಡಿ. ಅದು ಎದಿಗೆ ಏರಿದ್ರ ಮುಂದಿಂದು ನಾ ಹೇಳಬೇಕಾಗಿಲ್ಲ. ದಿನಾ ಸಂಜೀಕ ಒಂದ ಹೊತ್ತಿಗೆ ಕೊಡ್ರಿ. ಉಣ್ಣೂದು ಕುಡಿಯೂದು ಒಂದ ನಮೂನಿ ಇರ್ಲಿ. ಸೆರೆ ಅಂತೂ ಮುಟ್ಟಂಗಿಲ್ಲ. ಊರಮಂದಿ ಹೇಳಿದ ಕಷಾಯ, ರಸ ಯಾವುದೂ ನನ್ನ ಕೇಳದ ಕುಡಿಯಂಗಿಲ್ಲ. ತಪ್ಪಲ ಪಲ್ಯಾ, ಅಂದ್ರ ಸೊಪ್ಪು, ದಿನಾ ಒಂದೀಟು ಇದ್ರ ಇರ್ಲಿ. ಇವತ್ತ ಬುಟ್ಟಿ ತುಂಬ, ನಾಳಿಗೆ ಏನೂ ಇಲ್ಲ ಅನ್ನಂಗಿಲ್ಲ."

ಒಂದೇ ಹೊತ್ತು, ಒಂದೇ ನಮೂನೆ! ನಾನು ಬೋರ್ಡಿಂಗಿನಲ್ಲಿ ಬೆಳೆದವಳು. ಏಳುವುದಕ್ಕೆ, ಮೀಯುವುದಕ್ಕೆ, ಉಣ್ಣುವುದಕ್ಕೆ, ಹಾಡುವುದಕ್ಕೆ ಸಹ ಗಂಟೆ ಹೊಡೆಯುತ್ತಿತ್ತು. ಮುಂದೆ ಹುಡುಗಿಯರ ಶಾಲೆಯಲ್ಲಿ ಶಿಕ್ಷಕಿಯಾಗಿ ಆ ಗಂಟೆಯನ್ನು ನಾನೇ ಹೊಡೆಸತೊಡಗಿದೆ. ಇಂಥವಳು ಮದುವೆಯಾಗಿ ಬಂದದ್ದು ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಒಬ್ಬ ಬಸ್ ಕಂಡಕ್ಟರರ ಮನೆಗೆ. ಊರಿಗೆ ಆಗಿನ್ನೂ ಬಿಜಾಪುರ ಎಂದೇ ಹೆಸರು. ಮಾವನವರು ತಿಕೋಟಾ, ಬಿಜ್ಜರಗಿ ಹಾದಿಯಲ್ಲಿ ಸರ್ವಿಸು ಪೂರ್ತಿ ಸೀಟಿ ಊದಿದವರು. ಬಸ್ಸನ್ನು ಹೊತ್ತಿಗೆ ಸರಿಯಾಗಿ ಬಿಡುತ್ತಿದ್ದರಂತೆ, ನಂಬುತ್ತೇನೆ. ಆದರೆ ಮನೆಯಲ್ಲಿ ಅವರು ಚಹಾ ಕುಡಿಯುವುದಕ್ಕೆ ಹೊತ್ತಿಲ್ಲ, ಗೊತ್ತಿಲ್ಲ. ಯಾರು ಬಂದರೂ ಚಹಾ, ಯಾರೂ ಬರದಿದ್ದರೆ ಬೇಸರಕ್ಕೆ ಚಹಾ. ಅತ್ತೆ ತೀರಿಕೊಂಡಿದ್ದರು. ನನ್ನ ಗಂಡನಿಗೆ ಗದಗಿನಲ್ಲಿ ನೌಕರಿ, ಶನಿವಾರ ಬಂದರೆ ಸೋಮವಾರ ಹೋಗುವವರು. ಹೀಗಾಗಿ ಮಾವನವರ ಗುಳಿಗೆ, ಗ್ಲಾಸು, ಗುಟುಕು ಎಲ್ಲವೂ ನನ್ನ ಆಡಳಿತಕ್ಕೆ ಬಂದವು. ಡಾಕ್ಟರು ಹೇಳಿದ್ದಕ್ಕಿಂತ ನಾನು ಒಂದು ಗೇಣು ಬಿಗಿಯಾಗಿಯೇ ಆಳಿದೆ. ಚಹಾ ಬೆಳಿಗ್ಗೆ ಒಂದು, ಸಂಜೆ ಒಂದು. ಮಜ್ಜಿಗೆ ಊಟದ ಸಂಗಡ. ಉಳಿದ ಹೊತ್ತು ನೀರು.

"ನಮ್ಮ ಡಿಪೋ ಮ್ಯಾನೇಜರಾಗ ಇಷ್ಟ ದಿಮಾಕ ಇದ್ದಿದ್ದಿಲ್ಲ ನೋಡ," ಎಂದು ಮಾವನವರು ಓಣಿಯವರಿಗೆ ದೂರು ಹೇಳುತ್ತಿದ್ದರು. ನಾನು ಕೇಳಿಸಿಕೊಂಡೇ ಗ್ಲಾಸು ತೊಳೆಯುತ್ತಿದ್ದೆ.

ಇಷ್ಟು ಬಿಗಿಗೆ ಕಾರಣವಿತ್ತು. ನನ್ನ ನಾದಿನಿಯ, ಅಂದರೆ ಮಾವನವರ ಕೊನೆಯ ಮಗಳ, ಲಗ್ನ ಬಬಲೇಶ್ವರದಲ್ಲಿ ಗಂಡಿನ ಮನೆಯಲ್ಲಿ ನಿಶ್ಚಯವಾಗಿತ್ತು. ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು: ಲಗ್ನದ ಮುಂಚಿನ ರಕ್ತಪರೀಕ್ಷೆ ಸರಿ ಬಂದರೆ ಬಬಲೇಶ್ವರ, ಬರದಿದ್ದರೆ ದವಾಖಾನೆಯ ಮಂಚ. ಮಾವನವರು ಎದುರಿಗೆ ನಗುತ್ತಿದ್ದರು. ಆದರೆ ಒಮ್ಮೆ ನಾದಿನಿ ಕೇಳದ ಹಾಗೆ ನನ್ನೊಡನೆ, "ತಾಯಿ ಇಲ್ಲದ ಕೂಸು. ಅದರ ತಲಿಮ್ಯಾಗ ಅಕ್ಕಿಕಾಳು ಹಾಕಾಕ ನಾನೂ ಇಲ್ಲಂದ್ರ ಹೆಂಗವಾ?" ಎಂದಿದ್ದರು. ಅಂದಿನಿಂದ ನನ್ನ ಗೇಣು ಮೊಳವಾಯಿತು.

ಲಗ್ನಕ್ಕೆ ಕರೆಯಲು ಮನೆಯ ಹಿರಿಯರೇ ಹೋಗಬೇಕು, ನಮ್ಮ ಕಡೆ ಹಾಗೆ. ನಡೆದಾಡಬಹುದು ಎಂದು ಡಾಕ್ಟರು ಹೇಳಿದ್ದರಿಂದ ಒಂದು ರವಿವಾರ ಮಾವನವರನ್ನು ಕರೆದುಕೊಂಡು ತಿಕೋಟಾ ಬಸ್ಸು ಹತ್ತಿದೆ. ಬರೀ ಕರೆದು ಬರುವುದಾಗಿದ್ದರೆ ಸುಲಭವಿತ್ತು. ಕರೆದ ಮನೆಯಲ್ಲಿ ಏನಾದರೂ ಗಂಟಲಿಗೆ ಇಳಿಯಲೇಬೇಕು. ಇಳಿಯದಿದ್ದರೆ ಕರೆದ ಹಾಗಾಗುವುದಿಲ್ಲ. ಲಗ್ನಕ್ಕೆ ಬರುವುದಿಲ್ಲ, ಮೇಲೆ ಹತ್ತು ವರ್ಷ ಆಡಿಕೊಳ್ಳುತ್ತಾರೆ. ಮೊದಲನೇ ಮನೆಯಲ್ಲೇ ಶುಂಠಿ, ಅರಿಶಿಣ, ಮೆಣಸು ಇನ್ನೂ ಏನೇನೋ ಕುದಿಸಿದ ಕಷಾಯ ಬಂತು. "ಕಾಲು ಬ್ಯಾನಿಗೆ ಭಾಳ ಚೊಲೊ ಐತಿ, ಕಣ್ಣ ಮುಚ್ಚಿ ಕುಡದ ಬಿಡ್ರಿ" ಎಂದು ಮನೆಯಾಕೆ ಕೈಗೇ ಕೊಟ್ಟಳು. ಮಾವನವರು ನನ್ನ ಮುಖ ನೋಡಿದರು. ನಾನು ಬೇಡವೆಂದು ಕಣ್ಣಲ್ಲೇ ಹೇಳಿದೆ. ಅವರು ಒಂದು ಕ್ಷಣವೂ ತಡಮಾಡದೆ ಲೋಟವನ್ನು ನನ್ನ ಮುಂದೆ ಹಿಡಿದರು.

"ನಂದು ಬಸ್ಸು ರಿಪೇರಿಗೆ ಹೋಗೇತ್ರಿ. ನನ್ನ ಪಾಲಿಂದು ನಮ್ಮ ಸೊಸಿ ಕುಡೀತಾಳ."

ಮನೆಯಾಕೆ ಕ್ಷಣ ಯೋಚಿಸಿ, "ಆತ ಬಿಡ್ರಿ, ಸೊಸಿ ಕುಡದ್ರೂ ಮನಿತನಾನ ಕುಡದಂಗ" ಎಂದು ತೀರ್ಪು ಕೊಟ್ಟಳು. ಅಲ್ಲಿಗೆ ನನ್ನ ಗತಿ ಮುಗಿಯಿತು. ಸುದ್ದಿ ನಮಗಿಂತ ಮುಂದೆ ಓಡಿತು. ಮುಂದಿನ ಮನೆಯಲ್ಲಿ ನನಗೆ ಎರಡು ಲೋಟ ಬೆಲ್ಲದ ಪಾನಕ, ನನ್ನದೊಂದು ಮಾವನವರದೊಂದು. ಅದರ ಮುಂದೆ ಎರಡು ಚಹಾ. ಬಿಜ್ಜರಗಿಗೆ ಹೋದರೆ ಕುರಿ ಕಾಯುವವರ ಮನೆಯಲ್ಲಿ ಚರಿಗೆ ತುಂಬ ಮಜ್ಜಿಗೆ. ಹೊಸದಾಗಿ ದ್ರಾಕ್ಷಿ ಹಚ್ಚಿದವರೊಬ್ಬರ ಮನೆಯಲ್ಲಿ ಕೈಯಿಂದಲೇ ಹಿಂಡಿದ ದ್ರಾಕ್ಷಿ ರಸ. ಮಾವನವರ ಬಸ್ಸಿನ ಹಳೆಯ ಡ್ರೈವರ್ ಸಾಹೇಬರ ಮನೆಯಲ್ಲಿ ಗುಲಾಬಿ ಶರಬತ್ತು ಕಂಡಾಗ ನನ್ನ ಸೀರೆಯ ಗಂಟು ಬಿಗಿಯತೊಡಗಿತ್ತು. ಸಾಹೇಬರು ಮಂಚದ ಮೇಲೆ ಬಿದ್ದು ಬಿದ್ದು ನಕ್ಕರು.

"ಅರೆ ಕಂಡಕ್ಟರ್ ಸಾಬ್, ನಲವತ್ತ ಮಂದಿ ಬಸ್ಸಿನ್ಯಾಗ ಎಂಬತ್ತ ತುಂಬಸ್ತಿದ್ರಿ. ಈಗ ಅದ ಕೆಲಸ ಸೊಸಿಗೆ ಹಚ್ಚೀರೇನ್ರಿ?"

"ಹಿಂದಕ ಇನ್ನೂ ಜಾಗಾ ಐತಿ," ಎಂದರು ಮಾವನವರು ನನ್ನ ಕಡೆ ನೋಡದೆ.

ತಿರುಗಿ ಬರುವಾಗ ತಿಕೋಟಾದ ಕೊನೆಯ ಮನೆ ಮಾವನವರ ಅಕ್ಕನದು. ನಾನು ಅವರನ್ನು ದೊಡ್ಡತ್ತೆ ಎನ್ನುತ್ತಿದ್ದೆ. ಆರು ಮೊಳದ ದನಿ, ಅಂಗೈಯಗಲದ ಕುಂಕುಮ, ತಮ್ಮನನ್ನು ಎತ್ತಿ ಆಡಿಸಿದ ಕೈ. ಡಾಕ್ಟರು ಯಾವ ಗುಳಿಗೆ ಕೊಟ್ಟಿದ್ದಾರೆಂದು ಅವರು ತಮ್ಮನನ್ನು ಕೇಳಿದರು. ರಕ್ತ ತೆಳ್ಳಗೆ ಮಾಡುವ ಗುಳಿಗೆ ಅಂತಾರೆ ಎಂದು ಮಾವನವರು ಹೇಳಿಬಿಟ್ಟರು. ಊರೆಲ್ಲ ಹಾಗೇ ಅನ್ನುತ್ತಿತ್ತು.

ದೊಡ್ಡತ್ತೆ ಎದೆ ಮೇಲೆ ಕೈಯಿಟ್ಟುಕೊಂಡರು. "ತೆಳ್ಳಗ? ಇದ್ದ ರಕ್ತಾ ತೆಳ್ಳಗ ಮಾಡ್ತಾರ? ಗೌಳಿ ಹಾಲಿಗೆ ನೀರ ಹಾಕಿದ್ರ ಜಗಳಾಡ್ತೀವಿ, ಇವರು ನನ್ನ ತಮ್ಮನ ರಕ್ತಕ್ಕ ನೀರ ಹಾಕ್ತಾರಂತ, ನೀವು ಕೈ ಮುಗದು ಬಂದೀರಿ! ನೋಡು, ಮಾರಿ ಹೆಂಗ ಬಿಳಚೇತಿ!"

ಮಾವನವರ ಮುಖ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು. ಆದರೆ ಅದನ್ನು ಹೇಳುವ ಧೈರ್ಯ ಯಾರಿಗಿತ್ತು? ಎರಡು ದಿನದಲ್ಲಿ ದೊಡ್ಡತ್ತೆ ಗಂಟುಮೂಟೆ ಸಹಿತ ನಮ್ಮ ಮನೆಗೆ ಬಂದಿಳಿದರು. ಲಗ್ನದ ಹಪ್ಪಳ, ಸಂಡಿಗೆಗೆ ಕೈಯಾಗುತ್ತಾರೆಂದು ನಾನು ಸಂತೋಷಪಟ್ಟೆ. ಕೈಯಾದರು ಕೂಡ.

ಲಗ್ನಕ್ಕೆ ಹತ್ತು ಹನ್ನೆರಡು ದಿನವಿದ್ದಾಗ ರಕ್ತಪರೀಕ್ಷೆಗೆ ಹೋದೆವು. ಡಾಕ್ಟರ ದವಾಖಾನೆಯ ಹಿಂದಿನ ಕೋಣೆಯಲ್ಲೇ ಆ ಪರೀಕ್ಷೆ ನಡೆಯುತ್ತಿತ್ತು. ಹೊರಬಂದ ಡಾಕ್ಟರು ಮುಖ ಗಂಟು ಹಾಕಿಕೊಂಡಿದ್ದರು. ಗುಳಿಗೆ ಕೆಲಸವನ್ನೇ ಮಾಡುತ್ತಿಲ್ಲವಂತೆ. ರಕ್ತ ಅವಸರದಲ್ಲಿ ಹೆಪ್ಪುಗಟ್ಟುತ್ತಿದೆಯಂತೆ.

"ಏನರ ಹೊಸಾದು ಕುಡಿಸೀರೇನ್ರಿ?"

"ನಾನಿರುವ ಮನೆಯಲ್ಲಿ? ಸಾಧ್ಯವೇ ಇಲ್ಲ," ಎಂದೆ. ನನ್ನ ದನಿ ಸ್ವಲ್ಪ ಏರಿತ್ತೆಂದು ಕಾಣುತ್ತದೆ. ಕಂಪೌಂಡರ್ ಇಣುಕಿ ನೋಡಿದ.

"ಹಂಗಾದ್ರ ನಾಳಿ ಸಂಜಿಯಿಂದ ಗುಳಿಗಿ ಹೆಚ್ಚ ಮಾಡೂಣು," ಎಂದರು ಡಾಕ್ಟರು. ಮಾವನವರು ಮೇಲೆ ತಿರುಗುವ ಪಂಖವನ್ನು ನೋಡುತ್ತ ಕುಳಿತಿದ್ದರು. ಅಷ್ಟು ಆಸಕ್ತಿಯಿಂದ ಪಂಖ ನೋಡುವವರನ್ನು ನಾನು ಕಂಡಿರಲಿಲ್ಲ. ಅಲ್ಲೇ ಅನುಮಾನಪಡಬೇಕಿತ್ತು.

ಮರುದಿನ ಶಾಲೆಗೆ ಹೋದರೆ ಊರಿನ ಹಿರಿಯರೊಬ್ಬರು ತೀರಿಕೊಂಡರೆಂದು ರಜೆ ಕೊಟ್ಟುಬಿಟ್ಟರು. ಹೋದ ಕಾಲಲ್ಲೇ ತಿರುಗಿ ಬಂದೆ. ಹಿತ್ತಿಲ ಬಾಗಿಲಲ್ಲಿ ಪಕ್ಕದ ಮನೆಯ ಆಡು ನಿಂತಿತ್ತು. ಬಕ್ರೀದಿಗೆಂದು ಸಾಕಿದ ಕರಿ ಆಡು. ನಮ್ಮ ಬಾಗಿಲ ಕಡೆ ಮುಖ ಮಾಡಿ, ಚೀಟಿ ಹಿಡಿದು ರೇಷನ್ ಅಂಗಡಿಯ ಮುಂದೆ ನಿಂತವರ ಹಾಗೆ ಕಾಯುತ್ತಿತ್ತು. ಹುಶ್ ಎಂದರೂ ಕದಲಲಿಲ್ಲ. ಗೋಡೆಯಾಚೆಯಿಂದ ಅದರ ಯಜಮಾನಿ ಬೀಬಿ ಕೂಗಿ ಹೇಳಿದಳು: "ಬೈಯಬ್ಯಾಡ್ರಿ ಬಾಯಾರ! ದಿನಾ ನೀವು ಸಾಲಿಗೆ ಹೋದಮ್ಯಾಲ ಬರತೈತಿ. ನಿಮ್ಮ ದೊಡ್ಡವರು ತಪ್ಪಲ ಚರಟಾ ಹಾಕ್ತಾರಲ್ರಿ. ಹೆಂಗ ಮೈ ತುಂಬೇತಿ ನೋಡ್ರಿ, ಮಾಷಾ ಅಲ್ಲಾ!"

ತಪ್ಪಲ ಚರಟ! ಸೊಪ್ಪು ಅರೆದು ರಸ ಹಿಂಡಿದರೆ ತಾನೇ ಚರಟ ಉಳಿಯುವುದು? ನಾನು ಒಳಗೆ ಕಾಲಿಟ್ಟೆ. ಒರಳಕಲ್ಲಿನ ಸುತ್ತ ಪಾಲಕ, ಮೆಂತ್ಯೆ, ರಾಜಗಿರಿ, ನುಗ್ಗೆಸೊಪ್ಪಿನ ಗುಡ್ಡೆ. ದೊಡ್ಡತ್ತೆಯ ಕೈ ಮೊಣಕೈವರೆಗೆ ಹಸಿರು. ಚಾಪೆಯ ಮೇಲೆ ಮಾವನವರು ಹಿತ್ತಾಳೆ ಲೋಟ ಬರಿದು ಮಾಡಿ ಆಗ ತಾನೇ ಕೆಳಗಿಟ್ಟಿದ್ದರು. ಅವರದು ಪೊದೆ ಮೀಸೆ, ಹಾಲಿನಷ್ಟು ಬಿಳುಪು. ಆ ಹೊತ್ತಿಗೆ ಅದು ಗಿಳಿಯ ರೆಕ್ಕೆಯಂತಿತ್ತು.

"ಏನು ಕುಡಿದಿರಿ, ಮಾವಾರ?"

"ನೀರು," ಎಂದರು ಹಸಿರು ಮೀಸೆಯ ಕೆಳಗಿನಿಂದ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ತಡೆಯಲಾರದೆ ಬಾಗಿಲ ಚೌಕಟ್ಟು ಹಿಡಿದು ಕುಸಿದೆ. ಮಾಳಿಗೆಯ ಮೇಲೆ ಹಪ್ಪಳ ಹರವುತ್ತಿದ್ದ ನಾದಿನಿ ಓಡಿ ಬಂದಳು, ಅಪ್ಪನ ಮೀಸೆ ನೋಡಿ ಅವಳೂ ಕುಸಿದಳು. ದೊಡ್ಡತ್ತೆ ಮಾತ್ರ ನಗಲಿಲ್ಲ.

"ನಗರಿ, ನಗರಿ. ತೆಳ್ಳನ ರಕ್ತಾ ಇಟಗೊಂಡು ಅಂವಾ ಲಗ್ನದಾಗ ತಲಿ ತಿರಗಿ ಬಿದ್ದ ಅಂದ್ರ ನಗೂ ಮಂದಿ ಬ್ಯಾರೇನ ಇರ್ತಾರ. ದಪ್ಪ ಮಾಡಾಕತ್ತೀನಿ ನಾನು. ಸಂತ್ಯಾಗ ತಪ್ಪಲಾ ಸಿಕ್ಕಷ್ಟೂ ತಂದ ಹಾಕೇನಿ."

"ನಾ ಹೆಂಗ ಒಲ್ಲೆ ಅನ್ಲೆವಾ?" ಎಂದರು ಮಾವನವರು ಸಣ್ಣ ದನಿಯಲ್ಲಿ. "ಡಾಕ್ಟರ್ ನನಗ ಎಂದೂ ಹೊಡದಿಲ್ಲ. ಈಕಿ ಹೊಡದಾಳ."

ನನ್ನ ನಗು ಅಲ್ಲಿಗೆ ನಿಂತಿತು. ಅಂದು ಸಂಜೆ ಹೆಚ್ಚಿಸಿದ ಗುಳಿಗೆ ಕೊಡಬೇಕು. ಗುಳಿಗೆ ಹೆಚ್ಚಿಸಿದ್ದು ಈ ರಸದ ದೆಸೆಯಿಂದ. ನಾಳೆ ರಸ ನಿಂತರೆ? ತಲೆಯಲ್ಲಿ ಗಂಟೆ ಹೊಡೆದ ಹಾಗಾಯಿತು. "ಇಬ್ಬರೂ ಏಳ್ರಿ, ದವಾಖಾನೆಗೆ ಹೋಗೋಣ," ಎಂದೆ. ದೊಡ್ಡತ್ತೆ ಕೈ ತೊಳೆಯಲೂ ಒಪ್ಪಲಿಲ್ಲ. ಟಾಂಗಾದಲ್ಲಿ ಹಸಿರು ಕೈ, ಹಸಿರು ಮೀಸೆ ಎದುರುಬದುರು ಕುಳಿತವು. ಗುಡಿಯ ಮುಂದಿನ ಬಜಾರದ ಜನ ಪೂರ್ತಿ ಎದ್ದು ನಿಂತು ನೋಡಿದರು.

ಡಾಕ್ಟರು ಮಾವನವರನ್ನು ನೋಡಿದವರೇ ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ನಕ್ಕರೋ ಬೆವರಿದರೋ ಗೊತ್ತಾಗಲಿಲ್ಲ. ಆದರೆ ನಾನು ಹೇಳಿದ್ದನ್ನೆಲ್ಲ ಕೇಳಿ ಗಂಭೀರವಾದರು. "ಇವತ್ತ ಬಂದಿದ್ದು ಪುಣ್ಯಾ ನೋಡ್ರಿ. ಹಸಿ ತಪ್ಪಲ ರಸಾ ಗುಳಿಗಿ ಕೈ ಕಟ್ಟಿ ಹಾಕತೈತಿ. ಅದನ್ನ ತಿಳೀದ ನಾ ಗುಳಿಗಿ ಏರಿಸಿ, ಆಮ್ಯಾಲ ಇವರು ರಸಾ ಬಿಟ್ಟಿದ್ರ, ಲಗ್ನದ ಮನ್ಯಾಗ ಮೂಗಿಂದ ರಕ್ತ ನಿಂದರತಿದ್ದಿಲ್ಲ. ಗುಳಿಗಿ ಮೊದಲಿನಷ್ಟ ಇರ್ಲಿ. ರಸಾ ಬಂದ್. ವಾರ ಬಿಟ್ಟು ಮತ್ತ ನೋಡೂಣು."

"ರಕ್ತ ನೀರಾಗೇತಿ, ಮೊದಲ ಅದನ್ನ ಹೇಳ್ರಿ," ಎಂದರು ದೊಡ್ಡತ್ತೆ, ಕುರ್ಚಿಯಲ್ಲಿ ಅಡ್ಡಗಾಲು ಹಾಕಿ.

ಕಣ್ಣಾರೆ ನೋಡಲಿ ಎಂದು ಡಾಕ್ಟರು ಅಲ್ಲೇ ಮತ್ತೊಮ್ಮೆ ಪರೀಕ್ಷೆಗೆ ಅಣಿಯಾದರು. ಆ ಪರೀಕ್ಷೆಗೆ ಒಬ್ಬ ಗಟ್ಟಿಮುಟ್ಟಾದ ಮನುಷ್ಯನ ರಕ್ತವೂ ಬೇಕು, ಅದಕ್ಕೆ ಹೋಲಿಸಿ ನೋಡಲು. ದಿನಾಲೂ ಕಂಪೌಂಡರನೇ ತೋಳು ಒಡ್ಡುತ್ತಿದ್ದ. ಡಾಕ್ಟರು ದೊಡ್ಡತ್ತೆಯ ಕಡೆ ತಿರುಗಿ, "ನೀವು ಗಟ್ಟಿ ಅದೀರಿ. ಕೊಡ್ತೀರೇನ್ರಿ?" ಎಂದರು. ದೊಡ್ಡತ್ತೆ ಮಾತಿಗೆ ಮುಂಚೆ ಬಳೆ ಹಿಂದೆ ಸರಿಸಿದರು.

ಎರಡು ಸಣ್ಣ ಗಾಜಿನ ನಳಿಕೆ. ಅಕ್ಕನದು ಕೆಂಪು, ತಮ್ಮನದೂ ಅಷ್ಟೇ ಕೆಂಪು. ದೊಡ್ಡತ್ತೆ ಎರಡನ್ನೂ ಬೆಳಕಿಗೆ ಹಿಡಿಸಿ ನೋಡಿದರು. ಯಂತ್ರದಲ್ಲಿ ಗರಗರ ತಿರುಗಿಸಿ ತಂದಾಗ ಕೆಂಪೆಲ್ಲ ತಳಕ್ಕಿಳಿದು ಮೇಲೆ ಹಳದಿ ನೀರು ನಿಂತಿತ್ತು.

"ಅಯ್ಯ ಶಿವನೆ! ನೋಡ್ರಿ, ನಾ ಹೇಳಿದ್ದಿಲ್ಲೇನು? ಪೂರಾ ನೀರಾಗೇತಿ ಇವಂದು!"

"ಯವ್ವಾ, ಅದು ನಿಮ್ಮ ನಳಗಿ," ಎಂದ ಕಂಪೌಂಡರ್.

ದೊಡ್ಡತ್ತೆ ನಳಿಕೆಗೆ ಮೂಗು ತಾಗಿಸಿ ಮತ್ತೆ ನೋಡಿದರು. ಎಲ್ಲರ ರಕ್ತದಲ್ಲೂ ಆ ಹಳದಿ ನೀರು ಇರುತ್ತದೆ, ಗುಳಿಗೆ ರಕ್ತಕ್ಕೆ ನೀರು ಬೆರೆಸುವುದಿಲ್ಲ, ಬೇಗ ಗಡ್ಡೆಯಾಗದಂತೆ ತಡೆಯುತ್ತದೆ ಅಷ್ಟೇ ಎಂದು ಡಾಕ್ಟರು ಬಿಡಿಸಿ ಹೇಳಿದರು. ಆಮೇಲೆ ಎರಡಕ್ಕೂ ಯಾವುದೋ ಔಷಧಿ ಬಿಟ್ಟು, ಕೈಯಲ್ಲಿ ಗಡಿಯಾರ ಹಿಡಿದು ನಳಿಕೆ ಓರೆ ಮಾಡುತ್ತ ಹೋದರು. ದೊಡ್ಡತ್ತೆಯದು ಹೆಪ್ಪಾಯಿತು. ಅದರ ಬೆನ್ನಿಗೇ ಮಾವನವರದೂ.

"ಇವರದು ನಿಮ್ಮದಕ್ಕಿಂತ ಭಾಳ ತಡಾ ಆಗಬೇಕಿತ್ರಿ. ನಿಮ್ಮ ರಸಾ ಓಡಿಸಿಕೊಂಡು ಬಂದೈತಿ."

"ಅಂದ್ರ ನನ್ನ ರಸದಾಗ ಅಷ್ಟ ತಾಕತ್ತೈತಿ?" ದೊಡ್ಡತ್ತೆಯ ಮುಖ ಅರಳಿತು. ಒಂದು ಕ್ಷಣ ಕೋಣೆಯಲ್ಲೆಲ್ಲ ಹೆಮ್ಮೆ ತುಂಬಿತು. ಮರುಕ್ಷಣ ಆ ಮುಖ ಇಳಿಯಿತು. ಅವರು ತಮ್ಮನ ಎಡಗಾಲನ್ನು ನೋಡಿದರು. "ಅಂದ್ರ ನಾನ ಆ ಗಡ್ಡಿಗೆ ಕೂಳ ಹಾಕಾಕತ್ತಿದ್ನೇನಪಾ?"

ಮಾವನವರು ಅಕ್ಕನ ಹಸಿರು ಕೈ ಹಿಡಿದು, "ರುಚಿ ಭಾಳ ಇತ್ತ ಯಕ್ಕಾ," ಎಂದರು. ಅದು ಶುದ್ಧ ಸುಳ್ಳು. ಆಡಿನ ಹೊರತು ಯಾರಿಗೂ ಅದು ರುಚಿಸುವಂತಿರಲಿಲ್ಲ.

ಅಂದಿನಿಂದ ನನ್ನ ಆಡಳಿತಕ್ಕೆ ಒಬ್ಬ ಫೌಜುದಾರರು ಸಿಕ್ಕ ಹಾಗಾಯಿತು. ನಾನು ಶಾಲೆಗೆ ಹೋದಾಗ ದೊಡ್ಡತ್ತೆ ಹೊಸ್ತಿಲಲ್ಲೇ ಕುಳಿತು, ಬಂದವರು ತಂದ ಕಷಾಯ ಶರಬತ್ತುಗಳನ್ನೆಲ್ಲ ಮೂಸಿ ನೋಡಿ ವಾಪಸು ಕಳಿಸುತ್ತಿದ್ದರು. ಪಲ್ಯ ಒಂದು ಸೌಟು, ದಿನವೂ ಅದೇ ಸೌಟು. ವಾರ ಬಿಟ್ಟು ಪರೀಕ್ಷೆಗೆ ಹೋದಾಗ ಕಂಪೌಂಡರ್ ತೋಳೇರಿಸುವ ಮೊದಲೇ ದೊಡ್ಡತ್ತೆ ಅವನನ್ನು ಪಕ್ಕಕ್ಕೆ ಸರಿಸಿ, "ನಿನ್ನ ರಕ್ತಾ ಯಾಂವ ಕಂಡಾನ? ನಂದ ತಗೋರಿ," ಎಂದರು. ಅಕ್ಕನದು ಹೆಪ್ಪಾಯಿತು. ತಮ್ಮನದು ಆಗಲಿಲ್ಲ. ಡಾಕ್ಟರು ಓರೆ ಮಾಡಿದರು, ಇನ್ನೂ ಆಗಲಿಲ್ಲ. ಎಷ್ಟು ಬೇಕೋ ಅಷ್ಟು ತಡವಾಗಿ, ನಿಧಾನವಾಗಿ ಅದೂ ಹೆಪ್ಪಾಯಿತು.

"ಬಬಲೇಶ್ವರಕ್ಕ ಹೋಗ್ರಿ," ಎಂದರು ಡಾಕ್ಟರು. "ಚಾ ಕುಡೀರಿ, ನೀರ ಕುಡೀರಿ. ಅದರ ಮ್ಯಾಗಿಂದು ಏನೂ ಬ್ಯಾಡ."

ಮಾವನವರು ದವಾಖಾನೆಯ ಮೆಟ್ಟಿಲಿಳಿಯುವಾಗ ಸೀಟಿ ಊದಿದರು. ಬಾಯಿಂದಲೇ.

ಬಬಲೇಶ್ವರದಲ್ಲಿ ಬೀಗರಿಗೆ ಆಗಲೇ ತಿಕೋಟಾದ ಸುದ್ದಿ ತಲುಪಿತ್ತು. ಮಾವನ ಪಾಲಿನದನ್ನು ಕುಡಿಯುವ ಸೊಸೆ ಬರುತ್ತಾಳೆಂದು ಕಾಯುತ್ತ ಕುಳಿತಿದ್ದರು. ಗಂಡಿನ ಕಾಕಾ ಒಬ್ಬರು ಮಾವನವರನ್ನು ದನದ ಕೊಟ್ಟಿಗೆಯ ಹಿಂದೆ ಕರೆದು ಒಂದು ಬಾಟಲಿ ತೋರಿಸಿದರಂತೆ, "ಬೀಗರ, ಇದು ರಿವಾಜ" ಎಂದು. ಅಲ್ಲಿ ನಾನು ಸೊಸೆಯಾಗಿ ಕುಡಿಯುವ ಹಾಗಿರಲಿಲ್ಲ! ಆದರೆ ಬಾಟಲಿಯ ಮುಚ್ಚಳ ತೆಗೆಯುವುದರೊಳಗೆ ದೊಡ್ಡತ್ತೆಯ ದನಿ ಹಂದರದಿಂದಲೇ ಕೇಳಿಸಿ ಕಾಕಾ ಅದನ್ನು ಹುಲ್ಲಿನ ಬಣವೆಯಲ್ಲಿ ತುರುಕಿ ಓಡಿದರು. ಉಳಿದದ್ದೆಲ್ಲ ನನ್ನ ಪಾಲು. ಬದಾಮಿ ಹಾಲು, ನಿಂಬೆಹಣ್ಣಿನ ಪಾನಕ, ಮಸಾಲೆ ಮಜ್ಜಿಗೆ, ಮತ್ತೆ ಬದಾಮಿ ಹಾಲು, ಎಲ್ಲವೂ ಜೋಡಿ ಜೋಡಿ. ಬೇಡವೆಂದರೆ, "ಇದು ನಿಮ್ಮದಲ್ಲರೀ, ನಿಮ್ಮ ಮಾವಾರದು!"

ಇದರ ಪರಿಣಾಮ ಏನಾಗಬೇಕೋ ಅದೇ ಆಯಿತು. ಮುಹೂರ್ತ ಹತ್ತಿರ ಬಂದಾಗ ನಾನು ಅಕ್ಕಿಕಾಳು ಮುಷ್ಟಿಯಲ್ಲಿ ಹಿಡಿದುಕೊಂಡೇ ಮನೆಯ ಹಿಂದಿನ ತಗಡಿನ ಬಾಗಿಲ ಮುಂದೆ, ಬೀಗರ ಹೆಣ್ಣುಮಕ್ಕಳ ಸಾಲಿನಲ್ಲಿ, ಒಂದು ಕಾಲ ಮೇಲೆ ನಿಂತಿದ್ದೆ. ನನ್ನ ಸರದಿ ಮುಗಿದು ಹೊರಬರುವುದಕ್ಕೂ ಬ್ಯಾಂಡಿನವರು ಒಮ್ಮೆಲೇ ಊದುವುದಕ್ಕೂ ಸರಿಹೋಯಿತು. ಜೀವನದಲ್ಲಿ ಯಾವ ಗಂಟೆಗೂ ತಡವಾಗದವಳು ಸೀರೆ ಎತ್ತಿ ಹಿಡಿದು ಓಡಿದೆ. ಹಂದರದ ತುಂಬ ಪಟಕ ಸುತ್ತಿದ ತಲೆಗಳು, ಸೆರಗುಗಳು. ಒಳಗೆ ನುಗ್ಗಲು ಎಡೆಯಿಲ್ಲ. ನೀರಿನ ಹಂಡೆಯ ಕಟ್ಟೆ ಹತ್ತಿ ನಿಂತೆ.

ಮಾವನವರು ಎರಡೂ ಕಾಲೂರಿ ನೆಟ್ಟಗೆ ನಿಂತಿದ್ದರು. ಪಕ್ಕದಲ್ಲಿ ದೊಡ್ಡತ್ತೆ, ಆತುಕೊಳ್ಳಲಿ ಎಂದು ಭುಜ ಒಡ್ಡಿ ನಿಂತಿದ್ದರು, ಆದರೆ ಮಾವನವರು ಆತುಕೊಂಡಿರಲಿಲ್ಲ. ತಲೆ ತಗ್ಗಿಸಿದ್ದ ನಾದಿನಿ ಒಮ್ಮೆ ಕಣ್ಣೆತ್ತಿ ಅಪ್ಪನನ್ನು ನೋಡಿದಳು. ಅವರು ಎರಡೂ ಕೈ ಎತ್ತಿ ಮಗಳ ತಲೆಯ ಮೇಲೆ ಅಕ್ಕಿಕಾಳು ಸುರಿದರು, ಅಳಿಯನ ಮೇಲೆ ಸುರಿದರು, ಖುಷಿಗೆ ಮಂತ್ರ ಹೇಳುತ್ತಿದ್ದ ಅಯ್ಯನವರ ಮೇಲೂ ಸುರಿದರು. ನಾನಿದ್ದಲ್ಲಿಂದ ನನ್ನ ಮುಷ್ಟಿಯದನ್ನು ಬಲವಾಗಿ ಬೀಸಿ ಎಸೆದೆ. ಅದು ಮದುಮಕ್ಕಳವರೆಗೆ ಹೋಗಲಿಲ್ಲ, ಅರ್ಧ ದಾರಿಯಲ್ಲಿ ಯಾರದೋ ಕೆಂಪು ಪಟಕದ ಮೇಲೆ ಉದುರಿತು.